ಲೋನ್‌ಗೆ ಹೋದ ಹುಡುಗರನ್ನು ಹುಬ್ಬಳ್ಳಿಯಿಂದ ಫಾಲೋ ಮಾಡೋದು: ಆ್ಯಪ್, ಕ್ಲಬ್ ಟಿವಿ, ಕ್ಲಿಪ್, ಊರಿನ ಪೇಪರ್, ಯಾವುದು ಮೇಲು?

ಮ್ಯಾಂಚೆಸ್ಟರ್ ಯುನೈಟೆಡ್‌ನ ದೊಡ್ಡ ತಂಡದ ಆಟವನ್ನು ಹುಬ್ಬಳ್ಳಿಯಲ್ಲಿ ಕೂತು ನೋಡೋದು ಈಗ ಕಷ್ಟವೇ ಅಲ್ಲ. ಫೋನ್ ಇದ್ದರೆ ಸಾಕು. ಕಷ್ಟ ಇರೋದು ಆ ತಂಡದ ಹಿಂದಿರುವ ಹುಡುಗರನ್ನು ನೋಡೋದರಲ್ಲಿ. ಅಂಡರ್-18, ಅಂಡರ್-21, ಆಮೇಲೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್‌ಗೆ ಆಡೋಕೆ ಅಂತ, ಬೇರೆ ಬೇರೆ ಊರಿಗೆ ಹೋದವರು. ನನಗೆ ಜಾಸ್ತಿ ಖುಷಿ ಕೊಡೋದು ಇವರೇ. 1937ರ ಅಕ್ಟೋಬರ್‌ನಿಂದ ಈ ಕ್ಲಬ್‌ನ ಪ್ರತಿ ಪಂದ್ಯದ ತಂಡದಲ್ಲೂ ಅಕಾಡೆಮಿಯಲ್ಲಿ ಬೆಳೆದ ಒಬ್ಬನಾದರೂ ಇದ್ದೇ ಇದ್ದಾನೆ. ಆ ಸಾಲಿನಲ್ಲಿ ಮುಂದಿನವನು ಯಾರು ಅಂತ ಎಲ್ಲರಿಗಿಂತ ಮೊದಲು ಗುರುತು ಹಿಡಿಯೋದಿದೆಯಲ್ಲ, ಅದರ ಮಜಾನೇ ಬೇರೆ.

ಇದಕ್ಕಾಗಿ ಸಿಕ್ಕ ದಾರಿಗಳನ್ನೆಲ್ಲ ನಾನು ಬಳಸಿ ನೋಡಿದ್ದೇನೆ. ಸ್ಕೋರ್ ಆ್ಯಪ್, ಕ್ಲಬ್‌ನ ಸ್ವಂತ ಟಿವಿ, ಯೂಟ್ಯೂಬ್ ಕ್ಲಿಪ್, ಎಕ್ಸ್‌ನಲ್ಲಿ ಅಭಿಮಾನಿಗಳ ಖಾತೆ, ಲೋನ್ ತಗೊಂಡ ಊರಿನ ಪತ್ರಿಕೆ. ಯಾವುದು ಗೆದ್ದಿತು ಅಂತ ಮೊದಲೇ ಹೇಳಿಬಿಡ್ತೀನಿ. ಅಕಾಡೆಮಿ ಹುಡುಗರಿಗೆ ಪೂರ್ತಿ ಪಂದ್ಯ ನೋಡೋದು, ಲೋನ್ ಹುಡುಗರಿಗೆ ಅವರು ಆಡ್ತಿರುವ ಊರಿನ ಪತ್ರಿಕೆ ಓದೋದು. ಉಳಿದವು ಜೊತೆಗಿದ್ದರೆ ಒಳ್ಳೆಯದು, ಅವುಗಳನ್ನೇ ನಂಬಿದರೆ ಹುಡುಗ ಅರ್ಥ ಆಗೋದಿಲ್ಲ.

ಎಲ್ಲರೂ ಶುರು ಮಾಡೋದು ಸ್ಕೋರ್ ಆ್ಯಪ್‌ನಿಂದ. ಸೋಫಾಸ್ಕೋರ್, ಫೋಟ್‌ಮಾಬ್ ಎರಡೂ ನನ್ನ ಫೋನ್‌ನಲ್ಲಿವೆ. ಆಟಗಾರನ ಹೆಸರು ಹುಡುಕಿ ಫಾಲೋ ಒತ್ತಿದರೆ ಮುಗೀತು. ತಂಡದಲ್ಲಿದ್ದಾನಾ, ಬೆಂಚ್‌ನಲ್ಲಿದ್ದಾನಾ, ಎಷ್ಟನೇ ನಿಮಿಷಕ್ಕೆ ಹೊರಗೆ ಬಂದ, ಎಲ್ಲ ಗೊತ್ತಾಗುತ್ತೆ, ಅದೂ ಪುಕ್ಕಟೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 8.30, ಅವರ ಗಡಿಯಾರ ಬೇಸಿಗೆಗೆ ಬದಲಾದಾಗ 7.30. ಆ ಹೊತ್ತಿಗೆ ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಮೂರು ಲೀಗ್‌ಗಳಾದ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಪಂದ್ಯಗಳಲ್ಲಿ ಬಹಳಷ್ಟು ಒಟ್ಟಿಗೇ ಶುರುವಾಗುತ್ತವೆ. ನಮ್ಮ ಹುಡುಗರು ಬೇರೆ ಬೇರೆ ಊರಲ್ಲಿ ಒಂದೇ ಹೊತ್ತಿಗೆ ಆಡ್ತಿರ್ತಾರೆ. ಅಷ್ಟೂ ಜನರನ್ನು ಒಂದೇ ಪರದೆ ಮೇಲೆ ಇಡೋದು ಆ್ಯಪ್‌ಗೆ ಮಾತ್ರ ಸಾಧ್ಯ. ಇದನ್ನು ಬಿಟ್ಟು ಬದುಕೋಕೆ ಆಗಲ್ಲ, ನಿಜ.

ಆದರೆ ಆ್ಯಪ್ 'ಏನು' ಅಂತ ಹೇಳುತ್ತೆ, 'ಯಾಕೆ' ಅಂತ ಹೇಳೋದಿಲ್ಲ. ಹುಡುಗ ಪಟ್ಟಿಯಲ್ಲೇ ಇಲ್ಲ ಅಂದ್ಕೊಳ್ಳಿ. ಗಾಯವಾ? ಕೋಚ್‌ಗೆ ಹಿಡಿಸಲಿಲ್ವಾ? ಅಥವಾ ಬರೀ ನಿಯಮದ ಮಾತಾ? ಇಂಗ್ಲೆಂಡಿನ ಕೆಳಗಿನ ಮೂರು ಲೀಗ್‌ಗಳಲ್ಲಿ ಒಂದು ಪಂದ್ಯದ ತಂಡದಲ್ಲಿ ಲೋನ್ ಆಟಗಾರರು ಐವರಿಗಿಂತ ಜಾಸ್ತಿ ಇರುವಂತಿಲ್ಲ. ಆರನೇ ಲೋನ್ ಹುಡುಗ ಎಷ್ಟೇ ಚೆನ್ನಾಗಿದ್ದರೂ ಸ್ಟ್ಯಾಂಡ್‌ನಲ್ಲಿ ಕೂರಬೇಕು. ಆ್ಯಪ್‌ನಲ್ಲಿ ಅವನ ಹೆಸರಿನ ಮುಂದೆ ಬರೋದು ಬರೀ ಖಾಲಿ ಜಾಗ. ಆ ಖಾಲಿ ಜಾಗ ನೋಡಿ "ಈ ಹುಡುಗನ ಕಥೆ ಮುಗೀತು" ಅಂತ ತೀರ್ಪು ಕೊಡೋರನ್ನು ನಾನು ಬಹಳ ನೋಡಿದ್ದೇನೆ.

ಆ್ಯಪ್‌ನ ಅಂಕಿಗಳದ್ದಂತೂ ಇನ್ನೂ ತೊಂದರೆ. 2022ರ ಮೇ 29ರಂದು ವೆಂಬ್ಲಿಯಲ್ಲಿ ನಡೆದ ಚಾಂಪಿಯನ್‌ಶಿಪ್ ಪ್ಲೇಆಫ್ ಫೈನಲ್ ತಗೊಳ್ಳಿ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮತ್ತು ಹಡರ್ಸ್‌ಫೀಲ್ಡ್. ನಮ್ಮ ಅಕಾಡೆಮಿಯ ಜೇಮ್ಸ್ ಗಾರ್ನರ್ ಫಾರೆಸ್ಟ್‌ನಲ್ಲಿ ಲೋನ್ ಮೇಲಿದ್ದ. ಅವನು ಎಡಗಡೆಯಿಂದ ಹಾಕಿದ ಕ್ರಾಸ್ ಲೀವೈ ಕೋಲ್‌ವಿಲ್ ಕಾಲಿಗೆ ತಾಗಿ ಒಳಗೆ ಹೋಯಿತು. ಓನ್ ಗೋಲ್, ಅಂದರೆ ತನ್ನ ತಂಡದ ವಿರುದ್ಧವೇ ಬಿದ್ದ ಗೋಲು. ಪಂದ್ಯ 1-0, ಫಾರೆಸ್ಟ್ 23 ವರ್ಷದ ಮೇಲೆ ಪ್ರೀಮಿಯರ್ ಲೀಗ್‌ಗೆ ವಾಪಸ್. ಪಾಪ, ಆ ಕೋಲ್‌ವಿಲ್ ಕೂಡ ಚೆಲ್ಸಿಯಿಂದ ಹಡರ್ಸ್‌ಫೀಲ್ಡ್‌ಗೆ ಲೋನ್ ಮೇಲೆ ಬಂದ ಹುಡುಗನೇ. ಅಷ್ಟು ದೊಡ್ಡ ಪಂದ್ಯದ ಒಂದೇ ಗೋಲಿಗೆ ಕಾರಣ ಆದವನ ಹೆಸರಿನ ಮುಂದೆ ಗೋಲಿನ ಲೆಕ್ಕದಲ್ಲಿ ಬಂದದ್ದು ಸೊನ್ನೆ. ಅವತ್ತು ನನ್ನ ಜೊತೆ ನೋಡ್ತಾ ಕೂತಿದ್ದ ಗೆಳೆಯ, ಅವನೂ ಯುನೈಟೆಡ್ ಅಭಿಮಾನಿಯೇ, "ಲೇ, ನಮ್ಮ ಟೀಮ್ ಇಲ್ಲದ ಮ್ಯಾಚ್ ಯಾಕ್ ನೋಡಾಕತ್ತೀಯೋ?" ಅಂತ ಶುರುವಿಗೆ ಗೊಣಗಿದ. "ಹುಡುಗ ನಮ್ಮಾವ ಅದಾನಲ್ಲಲೇ" ಅಂದೆ. ಅರ್ಧ ಪಂದ್ಯ ಆಗೋ ಹೊತ್ತಿಗೆ ಫಾರೆಸ್ಟ್‌ಗೆ ಅವನೇ ನನಗಿಂತ ಜೋರಾಗಿ ಕೂಗ್ತಿದ್ದ. ಆ ಫಾರೆಸ್ಟ್ ತಂಡದಲ್ಲಿ ಜೆಡ್ ಸ್ಪೆನ್ಸ್, ಝಿಂಕರ್‌ನಾಗೆಲ್, ಕೀನನ್ ಡೇವಿಸ್ ಕೂಡ ಲೋನ್‌ನವರು. ಲೋನ್ ಹುಡುಗರೇ ಸೇರಿ ಒಂದು ಊರಿನ ಭಾಗ್ಯ ತಿರುಗಿಸಿದರು ಅನ್ನೋದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತೆ.

ಈಗ ಊರಿನ ಪತ್ರಿಕೆ ವಿಷಯ. ಇದನ್ನು ನಮ್ಮಲ್ಲಿ ಯಾರೂ ಯೋಚನೆಯೇ ಮಾಡೋದಿಲ್ಲ. ಆದರೆ ಧಾರವಾಡದ ಹಾಸ್ಟೆಲ್‌ಗೆ ಹಾಕಿದ ಮಗ ಹೇಗಿದ್ದಾನೆ ಅಂತ ತಿಳಿಯಬೇಕಾದರೆ ವಾರ್ಡನ್ನ ಕೇಳಬೇಕು, ಮನೆಯಲ್ಲಿರುವ ಅಜ್ಜಿಯನ್ನಲ್ಲ, ಅಲ್ವಾ? ಮೂಲ ಕ್ಲಬ್‌ಗಳು ತಮ್ಮ ಲೋನ್ ಹುಡುಗರ ಬಗ್ಗೆ ವಾರಕ್ಕೊಮ್ಮೆ ಹಾಕುವ ವರದಿಗಳು ಸಾಮಾನ್ಯವಾಗಿ ಅಜ್ಜಿ ಧಾಟಿಯವು. ಎಲ್ಲ ಸಿಹಿ. ಲೋನ್ ತಗೊಂಡ ಊರಿನ ವರದಿಗಾರನಿಗೆ ಯುನೈಟೆಡ್‌ನ ಭವಿಷ್ಯ ಕಟ್ಕೊಂಡು ಏನಾಗಬೇಕು? ಮುಂದಿನ ಶನಿವಾರ ಈ ಹುಡುಗ ನಮ್ಮ ತಂಡಕ್ಕೆ ಉಪಯೋಗಕ್ಕೆ ಬರ್ತಾನಾ ಅನ್ನೋದಷ್ಟೇ ಅವನ ಪ್ರಶ್ನೆ. ಹಾಗಾಗಿ ಅವನ ಮಾತು ನೇರ.

ಯುನೈಟೆಡ್‌ನ ಅಮದ್ ಡಿಯಾಲೊ 2022-23ರಲ್ಲಿ ಸಂಡರ್‌ಲ್ಯಾಂಡ್‌ಗೆ ಲೋನ್ ಹೋದಾಗ ನಾನು ಆ ಊರಿನ ಪತ್ರಿಕೆ ಸಂಡರ್‌ಲ್ಯಾಂಡ್ ಎಕೋ ಓದೋಕೆ ಶುರು ಮಾಡಿದೆ. ಅದಕ್ಕೂ ಮುಂಚೆ 2022ರ ಜನವರಿಯಲ್ಲಿ ಅವನು ಸ್ಕಾಟ್‌ಲ್ಯಾಂಡಿನ ರೇಂಜರ್ಸ್‌ಗೆ ಹೋಗಿದ್ದ. ಮೊದಲ ಪಂದ್ಯದಲ್ಲೇ ರಾಸ್ ಕೌಂಟಿ ಮೇಲೆ ಐದನೇ ನಿಮಿಷಕ್ಕೆ ಗೋಲು, ಆಮೇಲೆ ಅವಕಾಶ ಕಡಿಮೆ ಆಗ್ತಾ ಹೋಯಿತು. ಆ್ಯಪ್‌ನಲ್ಲಿ ಕಂಡದ್ದು ನಿಮಿಷಗಳು ಇಳಿದದ್ದು ಮಾತ್ರ. ಸಂಡರ್‌ಲ್ಯಾಂಡ್ ವರ್ಷ ಹಾಗಾಗಲಿಲ್ಲ, ಯಾಕೆಂದರೆ ಊರಿನ ಸುದ್ದಿ ಕೈಯಲ್ಲಿತ್ತು. ಎವರ್ಟನ್‌ನಿಂದ ಲೋನ್ ಬಂದಿದ್ದ ಸ್ಟ್ರೈಕರ್ ಎಲಿಸ್ ಸಿಮ್ಸ್‌ನನ್ನು ಹೊಸ ವರ್ಷದ ಹೊತ್ತಿಗೆ ಎವರ್ಟನ್ ವಾಪಸ್ ಕರೆಸಿಕೊಂಡಿತು. ಅದೇ ಜನವರಿಯಲ್ಲಿ ಸ್ಟ್ರೈಕರ್ ರಾಸ್ ಸ್ಟುವರ್ಟ್ ಗಾಯಗೊಂಡು ಕೂತ. ಅಂದರೆ ಮುಂದೆ ನಿಲ್ಲೋಕೆ ಜನ ಇಲ್ಲ, ಗೋಲು ಹೊಡೆಯೋ ಭಾರ ಹಿಂದಿನ ಹುಡುಗರ ಮೇಲೆ ಬಿತ್ತು. ಇದು ಗೊತ್ತಿದ್ದರೆ ಅಮದ್‌ನ ಒಂದೊಂದು ಪಂದ್ಯವೂ ಬೇರೆ ರೀತಿ ಕಾಣುತ್ತೆ. ಆ್ಯಪ್‌ನಲ್ಲಿ 'ರೈಟ್ ವಿಂಗ್' ಅಂತ ಬರೆದಿದ್ದರೂ ಅವನು ಯಾಕೆ ಒಳಗೆ ಬಂದು ಆಡ್ತಿದ್ದಾನೆ, ಯಾಕೆ ಅಷ್ಟು ದೂರದಿಂದ ಹೊಡೀತಿದ್ದಾನೆ ಅಂತ ಅರ್ಥ ಆಗುತ್ತೆ. ಸೀಸನ್ ಮುಗಿಯೋ ಹೊತ್ತಿಗೆ 14 ಗೋಲು. ಪ್ಲೇಆಫ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಲೂಟನ್ ಮೇಲೆ ಬಾಕ್ಸ್ ಹೊರಗಿಂದ ಎಡಗಾಲಲ್ಲಿ ತಿರುಗಿಸಿ ಮೂಲೆಗೆ ಹಾಕಿದ ಗೋಲನ್ನು ಒಮ್ಮೆ ಹುಡುಕಿ ನೋಡಿ. ಸಂಡರ್‌ಲ್ಯಾಂಡ್ ಆ ಪಂದ್ಯ 2-1ರಲ್ಲಿ ಗೆದ್ದು ಎರಡನೆಯದನ್ನು 0-2ರಲ್ಲಿ ಸೋತಿತು. ಯುನೈಟೆಡ್‌ಗೆ ವಾಪಸ್ ಬಂದ ಅಮದ್ 2024ರ ಮಾರ್ಚ್‌ನಲ್ಲಿ ಎಫ್‌ಎ ಕಪ್‌ನಲ್ಲಿ ಲಿವರ್‌ಪೂಲ್ ಮೇಲೆ ಹೆಚ್ಚುವರಿ ಸಮಯದ ಕೊನೆಯಲ್ಲಿ 4-3ರ ಗೋಲು ಹೊಡೆದಾಗ ಎಲ್ಲರಿಗೂ ಆಶ್ಚರ್ಯ. ಎಕೋ ಓದುತ್ತಿದ್ದವರಿಗೆ ಆಶ್ಚರ್ಯ ಅಲ್ಲ, ಬರೀ ಸಂತೋಷ.

ಪತ್ರಿಕೆಯ ತೊಂದರೆಯನ್ನೂ ಹೇಳಬೇಕು. ಪ್ರತಿ ಹುಡುಗನಿಗೂ ಒಂದೊಂದು ಊರು, ಒಂದೊಂದು ಪತ್ರಿಕೆ. ಎಲ್ಲ ಓದ್ತೀನಿ ಅಂದರೆ ದಿನ ಸಾಲದು. ನಾನು ಸೀಸನ್‌ಗೆ ಇಬ್ಬರು ಹುಡುಗರನ್ನು ಮಾತ್ರ ಹೀಗೆ ಹಿಡ್ಕೊಳ್ತೀನಿ, ಉಳಿದವರಿಗೆ ಆ್ಯಪ್. ಪಂದ್ಯದ ವರದಿಗಿಂತ ಅದಕ್ಕೆ ಒಂದೆರಡು ದಿನ ಮೊದಲು ಕೋಚ್ ಪತ್ರಕರ್ತರ ಜೊತೆ ಮಾತಾಡಿದ್ದನ್ನು ಓದಿ. ಯಾರು ಪ್ರಾಕ್ಟೀಸ್ ಮಾಡಲಿಲ್ಲ, ಯಾರ ತೊಡೆ ಹಿಡ್ಕೊಂಡಿದೆ, ಜನವರಿಯಲ್ಲಿ ಯಾರು ವಾಪಸ್ ಹೋಗಬಹುದು, ಅಲ್ಲೇ ಇರುತ್ತೆ.

ಎಕ್ಸ್ ಖಾತೆಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ವೇಗಕ್ಕೆ ಅವರನ್ನು ಮೀರಿಸೋರಿಲ್ಲ, ಅಂಡರ್-18 ಗೋಲು ಬಿದ್ದ ಐದು ನಿಮಿಷಕ್ಕೆ ವಿಡಿಯೊ ಬಂದಿರುತ್ತೆ. ಆದರೆ ಹದಿನಾರು ವರ್ಷದ ಪ್ರತಿ ಹುಡುಗನೂ ಅಲ್ಲಿ ಮುಂದಿನ ದೊಡ್ಡ ಸ್ಟಾರ್. ಆ ವಯಸ್ಸಿನ ಹುಡುಗರ ಮೇಲೆ ಅಷ್ಟು ಹೊರೆ ಹಾಕೋದು ನನಗೆ ಇಷ್ಟವಿಲ್ಲ. ನಾನು ಮ್ಯೂಟ್ ಮಾಡಿಟ್ಟು, ಬೇಕಾದಾಗ ಮಾತ್ರ ಹೋಗಿ ನೋಡ್ತೀನಿ.

ಕ್ಲಿಪ್ ಮತ್ತು ಪೂರ್ತಿ ಪಂದ್ಯ, ಇವೆರಡರ ನಡುವಿನ ವ್ಯತ್ಯಾಸ ಮಾತ್ರ ಸಣ್ಣದಲ್ಲ. 2022ರ ಮೇ 11ರಂದು ಎಫ್‌ಎ ಯೂತ್ ಕಪ್ ಫೈನಲ್ ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆಯಿತು. ಎದುರಾಳಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಹುಡುಗರು. ಬಂದ ಜನ 67,492, ಹುಡುಗರ ಪಂದ್ಯಕ್ಕೆ! ಯುನೈಟೆಡ್ 3-1ರಲ್ಲಿ ಗೆದ್ದು ಆ ಕಪ್ಪನ್ನು 11ನೇ ಸಲ ಎತ್ತಿತು. ಕ್ಲಿಪ್ ನೋಡಿದವರಿಗೆ ಅದು ಗರ್ನಾಚೊ ಪಂದ್ಯ, ಅವನೇ ಎರಡು ಗೋಲು ಹೊಡೆದದ್ದು. ಪೂರ್ತಿ ನೋಡಿದರೆ ಕಣ್ಣು ಹೋಗೋದು ಮಧ್ಯದಲ್ಲಿದ್ದ ಕೋಬಿ ಮೈನೂ ಕಡೆಗೆ. ಬೆನ್ನಿಗೆ ಎದುರಾಳಿ ಅಂಟಿಕೊಂಡು ನಿಂತಿದ್ದರೂ ಗಡಿಬಿಡಿ ಇಲ್ಲ, ಅರ್ಧ ತಿರುಗಿ ಚೆಂಡು ತಗೊಂಡು ಅವನನ್ನು ದಾಟಿ ಹೋಗ್ತಿದ್ದ. ಇಂಥದ್ದು ಯಾವ ಹೈಲೈಟ್ಸ್‌ನಲ್ಲೂ ಬರೋದಿಲ್ಲ, ಯಾಕೆಂದರೆ ಅಲ್ಲಿ ಗೋಲು ಆಗಿಲ್ಲ. ಎರಡು ವರ್ಷ ಕಳೆದು 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಮೇಲೆ ನಮ್ಮ ಎರಡೂ ಗೋಲು ಹೊಡೆದದ್ದು ಇದೇ ಗರ್ನಾಚೊ, ಇದೇ ಮೈನೂ.

ಹಾಗಾಗಿ ಕ್ಲಬ್ ಟಿವಿಗೆ ಹಣ ಕಟ್ಟೋದು ನನಗೆ ದುಬಾರಿ ಅನ್ನಿಸೋದಿಲ್ಲ. ಯುನೈಟೆಡ್‌ನ ಸ್ವಂತ ಚಾನೆಲ್ ಎಂಯುಟಿವಿಯಲ್ಲಿ ಅಂಡರ್-18, ಅಂಡರ್-21 ಪಂದ್ಯಗಳು ಲೈವ್ ಬರುತ್ತವೆ. ನಮ್ಮ ಹೊತ್ತಿಗೆ ಅಂಡರ್-18 ಬಹಳ ಹೊಂದುತ್ತೆ. ಅವರ ಶನಿವಾರ ಬೆಳಗ್ಗೆ 11 ಅಥವಾ 12 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 4.30 ಅಥವಾ 5.30, ಚಹಾ-ಗಿರ್ಮಿಟ್ ಹೊತ್ತು. ಅಂಡರ್-21 ಪಂದ್ಯ ಅವರ ಸಂಜೆ 7ಕ್ಕೆ ಇದ್ದರೆ ನಮಗೆ ನಡುರಾತ್ರಿ 12.30. ಮರುದಿನ ಕೆಲಸ ಇರುವವರಿಗೆ ಅದು ಆಗೋ ಮಾತಲ್ಲ, ರೀಪ್ಲೇ ನೋಡಬೇಕು. ಒಂದು ವಿಷಯ ನೆನಪಿಡಿ. ಅಂಡರ್-21 ಲೀಗ್ ಪಟ್ಟಿ ನೋಡಿ ಅಕಾಡೆಮಿ ಒಳ್ಳೆಯದಾ ಕೆಟ್ಟದ್ದಾ ಅಂತ ಹೇಳಬೇಡಿ. ಒಳ್ಳೆಯ ಹುಡುಗ ಲೋನ್‌ಗೆ ಹೋದ ಕೂಡಲೇ ಆ ತಂಡ ಬಡವಾಗುತ್ತೆ. ಸೋಲುತ್ತಿರುವ ಅಂಡರ್-21 ತಂಡ ಎಷ್ಟೋ ಸಲ ಚೆನ್ನಾಗಿ ನಡೀತಿರುವ ಅಕಾಡೆಮಿಯ ಗುರುತು.

ನಮ್ಮ ಗದಗಿನ ಅತ್ತೆ ಮಗನದ್ದು ಬೇರೆಯೇ ವಾದ. "ಮಾಮಾ, ಅಷ್ಟ್ ದೂರದ ಹುಡುಗ್ರನ್ನ ಫೋನಾಗ ನೋಡೋದ್ ಬಿಡ್ರಿ, ಬೆಂಗಳೂರಿಗೆ ಹೋಗಿ ಬಿಎಫ್‌ಸಿ ಹುಡುಗ್ರನ್ನ ಕಣ್ಣಾರೆ ನೋಡ್ರಿ" ಅಂತಾನೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ಆದರೆ ಅವನ ಮಾತಿನಲ್ಲಿ ತಥ್ಯ ಇದೆ. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಮೊದಲ ಸಲ ನಡೆದಾಗ ಗೆದ್ದದ್ದು ಬೆಂಗಳೂರು ಎಫ್‌ಸಿ ಹುಡುಗರೇ. ಅದರಲ್ಲಿ ಮಿಂಚಿದ ಶಿವಶಕ್ತಿ ನಾರಾಯಣನ್ ಅದೇ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಮೇಲೆ ಗೋಲು ಹೊಡೆದ, ಬೆಂಗಳೂರು 2-1ರಲ್ಲಿ ಕಪ್ ಗೆದ್ದಿತು. ಕಿರಿಯರ ತಂಡದಿಂದ ದೊಡ್ಡ ಕಪ್‌ಗೆ ಕೆಲವೇ ತಿಂಗಳು!

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹುಡುಗರ ಪಂದ್ಯ ನೋಡೋದು ಟಿವಿಗೆ ಹೋಲಿಸೋ ಮಾತೇ ಅಲ್ಲ. ಜನ ಕಡಿಮೆ, ಹಾಗಾಗಿ ಎಲ್ಲ ಕೇಳಿಸುತ್ತೆ. ಗೋಲ್‌ಕೀಪರ್ ಡಿಫೆಂಡರ್‌ನನ್ನು ಹೆಸರು ಹಿಡಿದು ಕರೆಯೋದು, ತಪ್ಪು ಪಾಸ್ ಕೊಟ್ಟ ಹುಡುಗ ತಲೆ ಬಗ್ಗಿಸ್ತಾನಾ ಅಥವಾ ಚೆಂಡಿನ ಹಿಂದೆ ಓಡ್ತಾನಾ ಅನ್ನೋದು, ಚೆಂಡು ಆ ಕಡೆ ಇರುವಾಗ ಈ ಕಡೆಯ ವಿಂಗರ್ ಏನು ಮಾಡ್ತಿದ್ದಾನೆ ಅನ್ನೋದು. ಕ್ಯಾಮೆರಾ ಚೆಂಡನ್ನು ಬಿಟ್ಟು ಬೇರೆ ಏನನ್ನೂ ತೋರಿಸೋದಿಲ್ಲ. ಮೈದಾನದಲ್ಲಿ ನೀವು ಒಬ್ಬನನ್ನೇ ಆರಿಸಿಕೊಂಡು ಪೂರ್ತಿ ನೋಡಬಹುದು. ಆದರೆ ಅವರಲ್ಲಿ ಯಾರಾದರೂ ಬೇರೆ ಕ್ಲಬ್‌ಗೆ ಲೋನ್ ಹೋದರೆ ಸುದ್ದಿ ಸಿಗೋದು ಬಹಳ ಕಷ್ಟ. ಈ ಒಂದು ವಿಷಯದಲ್ಲಿ ಇಂಗ್ಲೆಂಡೇ ಮೇಲು, ಅಲ್ಲಿ ಸಣ್ಣ ಊರಿನ ಕ್ಲಬ್‌ಗೂ ದಿನಾ ಬರೆಯೋರು ಇದ್ದಾರೆ.

ಹೊಸದಾಗಿ ಶುರು ಮಾಡೋರು ಆಗಸ್ಟ್‌ನಿಂದ ಆ್ಯಪ್ ಹಾಕ್ಕೊಳ್ಳಿ, ಒಬ್ಬ ಲೋನ್ ಹುಡುಗನನ್ನು ಆರಿಸಿ ಅವನ ಊರಿನ ಪತ್ರಿಕೆ ಹುಡುಕಿ. ಕ್ಲಬ್ ಟಿವಿಗೆ ವರ್ಷಪೂರ್ತಿ ಹಣ ಬೇಡ ಅನ್ನಿಸಿದರೆ ಡಿಸೆಂಬರ್‌ವರೆಗೆ ಕಾಯಿರಿ, ದೊಡ್ಡ ಕ್ಲಬ್‌ಗಳು ಯೂತ್ ಕಪ್‌ಗೆ ಇಳಿಯೋದು ಸಾಮಾನ್ಯವಾಗಿ ಆಗಲೇ. ಬೆಂಗಳೂರಿಗೆ ಹೋಗೋರು ಮಾತ್ರ ವಂದೇ ಭಾರತ್ ಟಿಕೆಟ್ ಮಾಡಿಸೋ ಮುಂಚೆ ಪಂದ್ಯದ ದಿನ, ಮೈದಾನ ಎರಡನ್ನೂ ಇನ್ನೊಮ್ಮೆ ನೋಡಿಕೊಳ್ಳಿ, ಕಿರಿಯರ ಪಂದ್ಯಗಳು ಹಿಂದೆ ಮುಂದೆ ಆಗ್ತಾನೇ ಇರ್ತವೆ.