ತಂತಿಯಿಲ್ಲದ ಇಯರ್‌ಪೀಸ್: ಎರಡು ವರ್ಷದ ದಿನಬಳಕೆಯ ನಂತರ

ಸದ್ದು ಚೆನ್ನಾಗಿಲ್ಲ ಅಂತ ಇದನ್ನು ವಾಪಸ್ ಕಳಿಸುವ ಮೊದಲು ತುದಿಯ ಸಿಲಿಕೋನ್ ಟಿಪ್ ಬದಲಿಸಿ ನೋಡಿ. ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ. ಮಧ್ಯದ್ದು ಹಾಕಿಯೇ ಬರುತ್ತದೆ, ಹೆಚ್ಚಿನವರು ಅದರಲ್ಲೇ ಕಾಲ ಹಾಕುತ್ತಾರೆ. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಸಂದಿಯಲ್ಲಿ ಗಾಳಿ ಸೋರಿ ಮೊದಲು ಬೇಸ್, ಅಂದರೆ ತಗ್ಗಿನ ಸದ್ದು, ಹೋಗುತ್ತದೆ, ಡ್ರಮ್ಮಿನ ಏಟು ತಗಡು ಬಡಿದ ಹಾಗೆ ಕೇಳಿಸುತ್ತದೆ. ಎಡ, ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗಬಹುದು.

ಕೆಲವು ತಿಂಗಳಾದ ಮೇಲೆ ಒಂದು ಕಡೆ ಸದ್ದು ಕುಗ್ಗುತ್ತದೆ. ಸ್ಪೀಕರ್ ಹೋಯಿತು ಅಂತ ಎಸೆಯಬೇಡಿ. ಬಹಳ ಸಲ ಕಾರಣ ಗುಗ್ಗೆ. ಟಿಪ್ ಕಳಚಿ ಬೆಳಕಿಗೆ ಹಿಡಿದರೆ ಜಾಲರಿಯ ಮೇಲೆ ಹಳದಿ ಮೇಣದಂಥ ಪದರ ಕಾಣುತ್ತದೆ. ಜಾಲರಿಯನ್ನು ಕೆಳಮುಖ ಮಾಡಿ, ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಉದುರಿದ್ದು ಒಳಗೆ ಬೀಳಬಾರದು. ಪಿನ್ನಿನಿಂದ ಚುಚ್ಚಿದರೆ ಜಾಲರಿಯೇ ಹರಿಯಬಹುದು. ಟಿಪ್ ಮಾತ್ರ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಂದು ಕಡೆಯದು ಚಾರ್ಜ್ ಆಗದಿದ್ದರೆ ತಳದ ಲೋಹದ ಚುಕ್ಕೆಗಳನ್ನೂ ಚಾರ್ಜಿಂಗ್ ಕೇಸಿನೊಳಗಿನ ಪಿನ್ನುಗಳನ್ನೂ ಒಣ ಹತ್ತಿಯಿಂದ ಒರೆಸಿ, ಬೆವರಿನ ಕಲೆ ಅಲ್ಲೇ ಕೂತಿರುತ್ತದೆ.

ಕರೆ ಬಂದ ಕೂಡಲೇ ಧ್ವನಿ ಯಾಕೆ ಮೊಂಡಾಗುತ್ತದೆ? ಮೈಕ್ ಚಾಲೂ ಆದಾಗ ಬ್ಲೂಟೂತ್ ಹಾಡಿನ ವಿಧಾನ ಬಿಟ್ಟು ಕರೆಯ ವಿಧಾನಕ್ಕೆ ಹೊರಳುತ್ತದೆ. ಸ್ಟೀರಿಯೊ ಹೋಗಿ ಧ್ವನಿಯ ವ್ಯಾಪ್ತಿ ಕಿರಿದಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಇದ್ದರೆ ಮೈಕ್ ಲ್ಯಾಪ್‌ಟಾಪಿನದ್ದು, ಸ್ಪೀಕರ್ ಇಯರ್‌ಪೀಸಿನದ್ದು ಅಂತ ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಿ, ವ್ಯತ್ಯಾಸ ಆ ಕ್ಷಣವೇ ತಿಳಿಯುತ್ತದೆ. ಬ್ಯಾಟರಿಯೂ ಕರೆಯಲ್ಲೇ ಬೇಗ ಇಳಿಯುತ್ತದೆ.

ಬ್ಯಾಟರಿಯೇ ಇದರ ದೊಡ್ಡ ಕೊರತೆ. ಹೊಸದರಲ್ಲಿ 5 ಗಂಟೆ ಬಂದದ್ದು ಈಗ ಮೂರೂವರೆಗೆ ಇಳಿದಿದೆ. ಒಳಗಿನ ಪುಟ್ಟ ಲಿಥಿಯಂ ಸೆಲ್ಲನ್ನು ಅಂಟಿನಿಂದ ಮುಚ್ಚಿರುವುದರಿಂದ ಬದಲಿಸುವುದು ಕಷ್ಟ. ಬಿಸಿಲಲ್ಲಿ ನಿಂತ ವಾಹನದೊಳಗೆ ಕೇಸ್ ಬಿಡಬೇಡಿ. ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್4 ಗುರುತು ಅಂದರೆ ಬೆವರು, ನೀರಿನ ಸಿಡಿತ ತಡೆಯುತ್ತದೆ ಅಷ್ಟೆ, ಮುಳುಗಿದರೆ ಕೆಡುತ್ತದೆ.

ಶಬ್ದ ತಡೆಯುವ ಸೌಲಭ್ಯ ಫ್ಯಾನ್, ಎಂಜಿನ್‌ನಂಥ ಒಂದೇ ಸಮನೆಯ ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ನುಂಗುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ಅಲ್ಲ. ಆದರೂ ಇದು ಬೇಕು, ಏಕೆಂದರೆ ವಾಲ್ಯೂಮ್ ಏರಿಸುವ ಗೊಡವೆ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಬರೀ 4 ಗಂಟೆ. ರಸ್ತೆ ದಾಟುವಾಗ ಮಾತ್ರ ಕಿವಿಯಿಂದ ತೆಗೆದುಬಿಡಿ.

ದಿನವಿಡೀ ಕರೆಯಲ್ಲೇ ಇರುವವರಿಗೆ ನಾನು ತಂತಿಯದನ್ನೇ ಹೇಳುತ್ತೇನೆ. ಚಾರ್ಜಿನ ಚಿಂತೆಯಿಲ್ಲ, ಪಿನ್ ಹತ್ತಿರ ತಂತಿ ಮಡಚದಂತೆ ಸಡಿಲವಾಗಿ ಸುತ್ತಿಟ್ಟರೆ ಸಾಕು.