ಅಸೈನ್‌ಮೆಂಟ್ ತಿದ್ದಲು ಮೂರು ದಾರಿ: ನಾವೇ ಕಟ್ಟಿದ ತಾಣ, ಗೂಗಲ್ ಕ್ಲಾಸ್‌ರೂಮ್, ಮೂಡಲ್

ಬನಶಂಕರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಅಸೈನ್‌ಮೆಂಟ್ ಪಡೆಯುವುದಕ್ಕೂ ತಿದ್ದುವುದಕ್ಕೂ ಅಂಕ ದಾಖಲಿಸುವುದಕ್ಕೂ ಮೂರು ಸೆಮಿಸ್ಟರ್‌ಗಳಲ್ಲಿ ಮೂರು ವ್ಯವಸ್ಥೆಗಳನ್ನು ಬಳಸಿ ನೋಡಿದ್ದೇನೆ. ಒಂದು, ಇಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ ಜಾಂಗೋದಲ್ಲಿ (ಜಾಲತಾಣ ಕಟ್ಟಲು ಬಳಸುವ ಪೈಥಾನ್ ಚೌಕಟ್ಟು) ನಾವೇ ಕಟ್ಟಿದ ಜಾಲತಾಣ. ಇನ್ನೊಂದು ಗೂಗಲ್ ಕ್ಲಾಸ್‌ರೂಮ್. ಮತ್ತೊಂದು ಬಾಡಿಗೆ ಸರ್ವರ್‌ನಲ್ಲಿ ಹಾಕಿಕೊಂಡ ಮೂಡಲ್ ಎಂಬ ಕಲಿಕಾ ತಂತ್ರಾಂಶ. ನಾನು ಮೂಡಲ್ ಪಕ್ಷದವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ವರ್ಷದ ಸರ್ವರ್ ಬಾಡಿಗೆಯನ್ನು ಈಗಾಗಲೇ ಕೈಯಿಂದ ಕಟ್ಟಿದ್ದೇನೆ. ಆದರೂ ನಾವೇ ಕಟ್ಟಿದ್ದರ ಮೇಲಿನ ಮಮತೆ ಇನ್ನೂ ಹೋಗಿಲ್ಲವಾದ್ದರಿಂದ, ಅದು ಎಲ್ಲಿ ಎಡವಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತಾಣ ನೋಡಲು ಅಚ್ಚುಕಟ್ಟಾಗಿತ್ತು. ಶಿಕ್ಷಕರು ತರಗತಿ ತೆರೆಯುವುದು, ವಿದ್ಯಾರ್ಥಿಗಳು ಇಮೇಲ್ ಮೂಲಕ ಸೇರುವುದು, ಪಿಡಿಎಫ್ ಸಲ್ಲಿಸುವುದು, ಅಂಕ ಕೊಡುವುದು: ಇವೆಲ್ಲ ಮೊದಲ ತಿಂಗಳಲ್ಲೇ ಸರಾಗವಾಗಿ ನಡೆದವು. ನಾವು ಎಡವಿದ್ದು ಹೆಸರಿನಲ್ಲಿ. ಜಾಂಗೋ ತಾನಾಗಿ ಕೊಡುವ ಬಳಕೆದಾರರ ಕೋಷ್ಟಕದಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳಿರುತ್ತವೆ. ನಾವು ಯೋಚಿಸದೆ ಅವನ್ನೇ ಇಟ್ಟುಕೊಂಡೆವು. ನಮ್ಮ ಮಕ್ಕಳಿಗೆ ಕೊನೆಯ ಹೆಸರು ಎಲ್ಲಿಂದ ಬರಬೇಕು? ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ಲುಗಳನ್ನು ಕೆಲವರು ಮೊದಲ ಖಾನೆಯಲ್ಲಿ ಬರೆದರೆ ಕೆಲವರು ಎರಡನೆಯದರಲ್ಲಿ ಬರೆದರು, ಒಂದಿಬ್ಬರು ಅಪ್ಪನ ಪೂರ್ತಿ ಹೆಸರನ್ನೇ ತುಂಬಿದರು. ಇನಿಷಿಯಲ್ಲೇ ಇಲ್ಲದ ಹುಡುಗಿಯೊಬ್ಬಳು, ಖಾನೆ ಖಾಲಿ ಬಿಡಲು ತಾಣ ಒಪ್ಪದ ಕಾರಣ, ತನ್ನ ಹೆಸರನ್ನೇ ಎರಡು ಸಲ ಬರೆದು ಭೂಮಿಕಾ ಭೂಮಿಕಾ ಆದಳು.

ಹಾಜರಿ ಪುಸ್ತಕದಿಂದ ಹಿಡಿದು ನಮ್ಮ ವಿಶ್ವವಿದ್ಯಾಲಯವಾದ ವಿಟಿಯುಗೆ ಕಳಿಸುವ ಆಂತರಿಕ ಅಂಕಗಳವರೆಗೆ ನಮ್ಮಲ್ಲಿ ಎಲ್ಲವೂ ನಡೆಯುವುದು ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯ ಕ್ರಮದಲ್ಲಿ. ವಲಯದ ಅಂಕಿ, ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ವಿಭಾಗದ ಎರಡಕ್ಷರ, ಮೂರಂಕಿಯ ಕ್ರಮಸಂಖ್ಯೆ, ಒಟ್ಟು 10 ಚಿಹ್ನೆಗಳ ಆ ಸಂಖ್ಯೆ ನಮ್ಮ ತಾಣದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಎರಡು ಸೆಕ್ಷನ್‌ಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು ನೋಡಿ ನೋಡಿ ಅಂಕ ಇಳಿಸಬೇಕಾಯಿತು. ತರಗತಿಯಲ್ಲಿ ಮೂವರು ಕಾವ್ಯಾ ಇದ್ದರು. ಒಬ್ಬಳ ಅಂಕ ಇನ್ನೊಬ್ಬಳ ಸಾಲಿಗೆ ಹೋಗಿ, ‘ಸರ್, ನಾನು ಸಬ್‌ಮಿಟ್ ಮಾಡಿದ್ದೆ, ಸೊನ್ನೆ ತೋರಿಸ್ತಿದೆ’ ಎಂದು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಾಗ ನನಗೆ ಮುಖ ಎತ್ತಲಾಗಲಿಲ್ಲ.

ಸೆಮಿಸ್ಟರಿನ ನಡುವೆಯೇ ಯುಎಸ್‌ಎನ್ ಖಾನೆ ಸೇರಿಸಿದೆವು. ಅದನ್ನು ತುಂಬುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಟ್ಟದ್ದು ಎರಡನೆಯ ತಪ್ಪು. ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಅಕ್ಷರ ಬಂತು, ನಡುವೆ ಖಾಲಿ ಜಾಗ ಬಂತು, ಗೆಳೆಯನ ಸಂಖ್ಯೆಯೂ ಬಂತು. ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ ಕೊನೆಯ ಅಸೈನ್‌ಮೆಂಟಿನ ಗಡುವೂ ಮುಗಿದಿತ್ತು.

ಗಡುವಿನದು ಬೇರೆಯೇ ಕಥೆ. ಜಾಂಗೋದ ಹೊಸ ಪ್ರಾಜೆಕ್ಟಿನಲ್ಲಿ ಸಮಯವಲಯ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನದು, ಎಂದಿರುತ್ತದೆ. ಅದನ್ನು ಬದಲಿಸದ ಕಾರಣ ರಾತ್ರಿ 11:59ರ ಗಡುವು ಮರುದಿನ ಬೆಳಗಿನ 5:29ಕ್ಕೆ ಮುಗಿಯುತ್ತಿತ್ತು. ಇದು ನನಗಿಂತ ಮೊದಲು ಹಾಸ್ಟೆಲ್ ಹುಡುಗರಿಗೆ ತಿಳಿದಿತ್ತು.

ಗೂಗಲ್ ಕ್ಲಾಸ್‌ರೂಮ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ತೊಂದರೆಯೂ ಕಡಿಮೆ. ಹತ್ತು ನಿಮಿಷದಲ್ಲಿ ತರಗತಿ ಸಿದ್ಧವಾಗುತ್ತದೆ, ಮಕ್ಕಳಿಗೆ ಹೇಳಿಕೊಡುವ ಅಗತ್ಯವಿಲ್ಲ, ಅಂಕಗಳು ಗೂಗಲ್ ಶೀಟ್ಸ್‌ಗೆ ಇಳಿಯುತ್ತವೆ. ನಮ್ಮ ಕಾಲೇಜು ಸ್ವಂತ ಡೊಮೇನಿನ ಇಮೇಲ್ ಕೊಟ್ಟಿಲ್ಲವಾದ್ದರಿಂದ ವಿದ್ಯಾರ್ಥಿಗಳು ತಮ್ಮ ಖಾಸಗಿ ಖಾತೆಗಳಿಂದಲೇ ಸೇರಿದರು. ಇಮೇಲ್‌ಗೆ ಯುಎಸ್‌ಎನ್ ಜೋಡಿಸುವ ಬೇರೊಂದು ಶೀಟನ್ನು ನಾನೇ ಇಟ್ಟುಕೊಂಡೆ. ಇಮೇಲ್‌ನಲ್ಲೇ ಯುಎಸ್‌ಎನ್ ಇರುವ ಕಾಲೇಜಿನವರಿಗೆ ಈ ಶೀಟೂ ಬೇಕಾಗದು.

ಇನ್ನು ಮೂಡಲ್. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರು ಆರಂಭಿಸಿ, 2002ರಲ್ಲಿ ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶವೂ ಎರಡು ಹೆಸರುಗಳನ್ನು ಕೇಳುತ್ತದೆ, ಅದೂ ಕಡ್ಡಾಯವಾಗಿ. ಆದರೆ ಅದರಲ್ಲಿ ಐಡಿ ನಂಬರ್ ಎಂಬ ಇನ್ನೊಂದು ಖಾನೆಯಿದೆ. ಆಫೀಸಿನಿಂದ ತಂದ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಕಡತವಾಗಿಸಿ, ಯುಎಸ್‌ಎನ್ ಅನ್ನು ಆ ಖಾನೆಗೂ, ಸಣ್ಣ ಅಕ್ಷರಗಳಲ್ಲಿ ಲಾಗಿನ್ ಹೆಸರಿಗೂ ಹಾಕಿ, ಇನಿಷಿಯಲ್ ಇಲ್ಲದವರ ಕೊನೆಯ ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಒಮ್ಮೆಲೇ ಏರಿಸಿದೆ. ಅಂಕಪಟ್ಟಿ ಇಳಿಸಿಕೊಂಡಾಗ ಯುಎಸ್‌ಎನ್ ತಾನಾಗಿ ಒಂದು ಕಾಲಮ್ಮಿನಲ್ಲಿ ಬಂತು. ಆ ದಿನವೇ ನನ್ನ ಮಟ್ಟಿಗೆ ಹೋಲಿಕೆ ಮುಗಿಯಿತು.

ನನ್ನ ಪ್ರಯಾಣಕ್ಕೂ ಅದು ಹೊಂದುತ್ತದೆ. ದಾಸರಹಳ್ಳಿಯಿಂದ ಬನಶಂಕರಿಗೆ ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗಿಬರುವ ನಾನು ಬಹುಪಾಲು ತಿದ್ದುವುದು ಸೀಟು ಸಿಕ್ಕ ದಿನಗಳಲ್ಲಿ, ಮೆಜೆಸ್ಟಿಕ್, ಚಿಕ್ಕಪೇಟೆಯ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಡುವ ಹೊತ್ತಿನಲ್ಲೂ. ಎಲ್ಲ ಸಲ್ಲಿಕೆಗಳನ್ನೂ ಒಂದೇ ಜಿಪ್ ಕಡತವಾಗಿ ಇಳಿಸಿಕೊಂಡು, ಅಂಕಗಳನ್ನು ಮೂಡಲ್ ಕೊಡುವ ಸಿಎಸ್‌ವಿ ಹಾಳೆಯಲ್ಲಿ ತುಂಬಿ, ಮನೆಗೆ ಬಂದು ಏರಿಸಿದರೆ ಕೆಲಸ ಮುಗಿಯಿತು.

ಮೂಡಲ್ ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ಅಸೈನ್‌ಮೆಂಟ್‌ಗಳಲ್ಲಿ ಉತ್ತಮ ಮೂರರ ಸರಾಸರಿ ಬೇಕೆಂದು ಅತಿ ಕಡಿಮೆಯ ಒಂದನ್ನು ಕೈಬಿಡುವ ಆಯ್ಕೆ ಹಾಕಿದೆ. ಒಂದನ್ನು ಕೊಡದೇ ಇದ್ದವನಿಗೆ ಎಲ್ಲವನ್ನೂ ಕೊಟ್ಟವನಿಗಿಂತ ಹೆಚ್ಚು ಸರಾಸರಿ ಬಂತು. ಖಾಲಿ ಅಂಕವನ್ನು ಲೆಕ್ಕಕ್ಕೆ ಹಿಡಿಯದ ಆಯ್ಕೆ ಮೊದಲಿನಿಂದಲೇ ಗುರುತಾಗಿರುತ್ತದೆ. ಹಾಗಾಗಿ ಅವನು ಕೊಡದ ಅಸೈನ್‌ಮೆಂಟ್ ಲೆಕ್ಕದಿಂದಲೇ ಹೊರಗುಳಿದು, ಉಳಿದ ಮೂರರಲ್ಲಿ ಕಡಿಮೆಯದೂ ಬಿದ್ದುಹೋಗಿ, ಉತ್ತಮ ಎರಡರ ಸರಾಸರಿ ಮಾತ್ರ ಉಳಿದಿತ್ತು. ಆ ಗುರುತನ್ನು ತೆಗೆದ ಮೇಲೆ ಲೆಕ್ಕ ಸರಿಹೋಯಿತು. ಮೂಡಲ್ ನಡೆಯುವ ಪಿಎಚ್‌ಪಿ ಭಾಷೆಯಲ್ಲಿ ಏರಿಸಬಹುದಾದ ಕಡತದ ಮೂಲ ಮಿತಿ 2 ಎಂಬಿ. ನೋಟ್‌ಬುಕ್ಕಿನ ಫೋಟೊ ತೆಗೆದು ಮಾಡಿದ ಪಿಡಿಎಫ್‌ಗಳಿಗೆ ಆ ಮಿತಿಯನ್ನು ಹೆಚ್ಚಿಸಲೇಬೇಕು. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಅನ್ನು ಸರ್ವರ್‌ನಲ್ಲಿ ಹಾಕಲು ಮರೆತರೆ ಇಮೇಲ್ ಸೂಚನೆಗಳು ಹೋಗುವುದಿಲ್ಲ.

ಸರ್ವರ್‌ಗೆ ತಿಂಗಳಿಗೆ ಸುಮಾರು 900 ರೂಪಾಯಿ ಆಗುತ್ತದೆ. ಕಾಲೇಜಿನಿಂದ ಮಂಜೂರಾತಿ ಪಡೆಯಲು ಓಡಾಡುವುದಕ್ಕಿಂತ ಇದು ನನಗೆ ಅಗ್ಗ. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ವಿಭಾಗದಲ್ಲಿ ಯಾರೂ ಇಲ್ಲದಿದ್ದರೆ, ಬ್ಯಾಕಪ್ ತೆಗೆಯುವ ಅಭ್ಯಾಸ ನಿಮಗಿಲ್ಲದಿದ್ದರೆ ಕ್ಲಾಸ್‌ರೂಮಿನಲ್ಲೇ ಇರಿ. ಸ್ವಂತ ತಾಣವನ್ನೇ ಕಟ್ಟುವ ಹಠವಿದ್ದವರು ಹೆಸರಿಗೆ ಒಂದೇ ಖಾನೆ ಇಟ್ಟು, ಯುಎಸ್‌ಎನ್ ಅನ್ನೇ ಲಾಗಿನ್ ಮಾಡಿ, ಅದನ್ನು ಆಫೀಸಿನ ಪಟ್ಟಿಯಿಂದ ನೀವೇ ತುಂಬಿ; ಮಕ್ಕಳ ಕೈಗೆ ಕೊಡಬೇಡಿ.