ಇನೋವಾ ಕ್ರಿಸ್ಟಾನಾ, ಹೈಕ್ರಾಸಾ?

ಬಿಡದಿಯಿಂದ 2000ರಲ್ಲಿ ಬಂದ ಕ್ವಾಲಿಸ್, 2005ರ ಇನೋವಾ: ಟೊಯೋಟಾಗೆ ಇಲ್ಲಿ ‘ಕೈಕೊಡದ ಗಾಡಿ’ ಎಂಬ ಹೆಸರು ತಂದದ್ದು ಇವೇ. ಆ ಹೆಸರಿನ ನಿಜವಾದ ವಾರಸುದಾರ ಕ್ರಿಸ್ಟಾ. ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಬಾಡಿ), 2.4 ಲೀಟರ್ ಡೀಸೆಲ್, ಎಂಜಿನ್ ಬಲ ಹಿಂದಿನ ಚಕ್ರಕ್ಕೆ. ಏಳು ಜನ, ಲಗೇಜು ಹೇರಿಕೊಂಡು ಘಾಟಿ ಹತ್ತುವವರು ಇದನ್ನೇ ಕೊಳ್ಳಿ. ಆದರೆ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲನ್ನು ದಿನಾ ನಾಲ್ಕೈದು ಕಿಲೋಮೀಟರಷ್ಟೇ ಓಡಿಸಿದರೆ ಸೈಲೆನ್ಸರ್ ದಾರಿ ಸಾಕಷ್ಟು ಬಿಸಿಯಾಗುವುದಿಲ್ಲ, ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ಸುಟ್ಟುಹೋಗುತ್ತದೆ.

2022ರ ಹೈಕ್ರಾಸ್ ಹೆಸರಿಗಷ್ಟೇ ಇನೋವಾ: ಮಾನೊಕಾಕ್ ಬಾಡಿ (ಬೇರೆ ಚೌಕಟ್ಟಿಲ್ಲದೆ ಬಾಡಿಯೇ ಭಾರ ಹೊರುವಂಥದ್ದು), 2.0 ಲೀಟರ್ ಪೆಟ್ರೋಲ್, ಬಲ ಮುಂದಿನ ಚಕ್ರಕ್ಕೆ. ತುಂಬಿದ ಗಾಡಿ ಕೆಸರಿನ ಏರಿನಲ್ಲಿ ಜಾರಬಹುದು. ಸಿಟಿ ಟ್ರಾಫಿಕ್‌ನಲ್ಲಿ ಮಾತ್ರ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಹೈಕ್ರಾಸ್‌ನದೇ ಮೇಲುಗೈ, ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬುತ್ತದೆ. ಹೈಬ್ರಿಡ್ ಇಲ್ಲದ ಹೈಕ್ರಾಸ್‌ಗೆ ಆ ಲಾಭವೇ ಇಲ್ಲ.